ಡೆಮೊ ಕ್ಲಾಸಿಗೆ ಬಂದ ದೊಡ್ಡಮ್ಮ

ಹೆಣ್ಣು ನೋಡುವುದಿರಲಿ, ಸೈಟು ನೋಡುವುದಿರಲಿ, ನಮ್ಮ ಮನೆಯಲ್ಲಿ ಯಾರೂ ಒಬ್ಬರೇ ಹೋಗುವ ಪದ್ಧತಿಯಿಲ್ಲ. ಹಿರಿಯರು ಕೂಡಿ ಹೋಗಬೇಕು, ಕಾಫಿ ಕುಡಿಯಬೇಕು, ಗೋಡೆ ತಟ್ಟಿ ನೋಡಬೇಕು, ವಾಪಸು ಬರುವಾಗ ದಾರಿಯುದ್ದಕ್ಕೂ ಕೊಂಕು ತೆಗೆಯಬೇಕು. ಹಾಗಾಗಿ ನಾನು ಯಾವ ಕೋಚಿಂಗ್ ಸೇರಬೇಕು ಎಂಬ ಪ್ರಶ್ನೆ ಬಂದಾಗಲೂ ಅದೇ ಆಯಿತು. ಬೆಂಗಳೂರಿನ ಡೆಮೊ ಕ್ಲಾಸಿಗೆ ಹೊಸೂರಿನಿಂದ ಕಾರು ಮಾಡಿಕೊಂಡು ನಾಲ್ಕು ಜನ ಹೊರಟೆವು: ನಾನು, ಅಪ್ಪ, ಅಮ್ಮ, ಮತ್ತು ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ. ಓದಬೇಕಾದವಳು ನಾನೊಬ್ಬಳೇ.

ದೊಡ್ಡಮ್ಮನ ಊರು ಡೆಂಕಣಿಕೋಟೆ ಪಕ್ಕದ ಒಂದು ಹಳ್ಳಿ. ರಾಗಿ ತೆನೆ ಬಲಿಯುವ ಕಾಲ, ಕಾಡಿನಿಂದ ಹೊಲಕ್ಕೆ ಆನೆ ಇಳಿಯುವ ಕಾಲ. ಹೊಲ ಬಿಟ್ಟು ಬಂದದ್ದಕ್ಕೆ ಅವಳಿಗೆ ಸಮಾಧಾನವೇ ಇರಲಿಲ್ಲ. ಅತ್ತಿಬೆಲೆಯ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗಲೆಲ್ಲ ಮಗನಿಗೆ ಫೋನು. "ರಾತ್ರಿ ಕಾವ್ಲಿಗೆ ಒಬ್ನೇ ಹೋಗ್ಬ್ಯಾಡ ಕಣ್ಲಾ, ನಾಕು ಜನಾನ ಕರ್ಕಂಡು ಹೋಗು." ಆಮೇಲೆ ನನ್ನ ಕಡೆ ತಿರುಗಿ, "ನಿನ್ನದೊಂದು ದಡ ಸೇರುದ್ರೆ ಸಾಕು ಅಮ್ಮಣ್ಣಿ" ಎನ್ನುತ್ತಿದ್ದಳು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ದಡ ಸೇರದೆ ಒದ್ದಾಡುತ್ತಿದ್ದದ್ದು ನಿಜ. ರಷ್ಯಾ ಕಡೆಯ ಒಂದು ಊರಿನಲ್ಲಿ ಮೆಡಿಕಲ್ ಓದಿ ಬಂದಿದ್ದೆ. ಹೊರಗೆ ಓದಿದವರು ಇಲ್ಲಿ ಡಾಕ್ಟರಾಗಬೇಕಾದರೆ ಲೈಸೆನ್ಸ್ ಪರೀಕ್ಷೆ ಪಾಸಾಗಲೇಬೇಕು. ಅದರಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ನಮ್ಮ ಬೀದಿಯವರಿಗೆ ಮಾತ್ರ ಇದರ ಪರಿವೆಯಿಲ್ಲ. ಅವರ ಪಾಲಿಗೆ ನಾನು ವಿಮಾನ ಇಳಿದ ದಿನದಿಂದಲೇ ಡಾಕ್ಟರಮ್ಮ. ಸ್ಕ್ಯಾನಿಂಗ್ ರಿಪೋರ್ಟು ಹಿಡಿದು ಗೇಟಿನ ಹತ್ತಿರ ನಿಲ್ಲುವರು. "ಡಾಕ್ಟರಿಗೆ ತೋರಿಸಿ" ಎಂದರೆ, "ನೀನೇ ಡಾಕ್ಟ್ರಲ್ವಾ?" ಎಂದು ನಗುವರು. ಬರಬರುತ್ತಾ ನಾನು ಹಾಲು ತರುವುದಕ್ಕೂ ಹಿಂದಿನ ಬಾಗಿಲಿನಿಂದ ಹೋಗತೊಡಗಿದೆ. ಅಪ್ಪ ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಮ್ಮಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು. ತಪ್ಪು ಲೆಕ್ಕ ಕಂಡರೆ ಸಿಡುಕುವ ಮನುಷ್ಯ ಎರಡನೇ ಸಲದ ರಿಸಲ್ಟ್ ನೋಡಿ ಸಿಡುಕಲಿಲ್ಲ. "ಇನ್ನೊಂದು ಸಲ ನೋಡೋಣಮ್ಮಾ. ಆಗ್ದಿದ್ರೆ ಬೇರೆ ಏನಾದ್ರೂ ನೋಡ್ಕೊಂಡ್ರಾಯ್ತು" ಎಂದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದೇ ನನಗೆ ಭಯ ಹುಟ್ಟಿಸಿತು. ನಾನು ದಡ್ಡಿ, ಅದು ಇವರಿಗೂ ಗೊತ್ತಾಗಿಬಿಟ್ಟಿದೆ ಎಂದುಕೊಂಡೆ.

ದೊಡ್ಡಮ್ಮನಿಗೆ ಒಂದು ಚಾಳಿಯಿದೆ. ಯಾರು ಏನು ಮಾತಾಡಿದರೂ ಪಕ್ಕದವರನ್ನು "ಏನಂದ್ರು?" ಎಂದು ಕೇಳಬೇಕು. ಟಿವಿಯಲ್ಲಿ ಸುದ್ದಿ ಓದಿದರೆ ಏನಂದ್ರು? ಅಮ್ಮ ಫೋನಿಟ್ಟರೆ ಏನಂದ್ರು? ಕಂಡಕ್ಟರು ಯಾರನ್ನೋ ಗದರಿದರೆ ಏನಂದ್ರು? ಕಿವಿ ಚೆನ್ನಾಗಿಯೇ ಇದೆ. ಕನ್ನಡ, ತೆಲುಗು, ತಮಿಳು ಮೂರೂ ನೀರು ಕುಡಿದಷ್ಟು ಸಲೀಸು. ಆದರೂ ಕೇಳಬೇಕು. ಚಿಕ್ಕವಳಿದ್ದಾಗಿನಿಂದ ನನಗೆ ಇದು ಮೈ ಉರಿಯುವ ವಿಷಯ. ಡೆಮೊ ಕ್ಲಾಸಿಗೆ ಅವಳು ಬರುವುದು ಬೇಡ ಎಂದು ಅಮ್ಮನ ಹತ್ತಿರ ಜಗಳವಾಡಿದ್ದೂ ಇದಕ್ಕೇ. ಅಮ್ಮ ಕೇಳಲಿಲ್ಲ, ಅಕ್ಕನ ಬಾಯಿ ಒಳ್ಳೆಯ ಬಾಯಿ, ಅವಳು ಅಂದದ್ದು ಆಗುತ್ತದೆ ಎಂದಳು.

ಕೋಚಿಂಗ್ ಸೆಂಟರಿನಲ್ಲಿ ಎಸಿ ಚಳಿ, ಗೋಡೆ ತುಂಬ ರ್‍ಯಾಂಕು ಬಂದವರ ಫೋಟೋ. ಟೈ ಕಟ್ಟಿದ ಹುಡುಗಿಯೊಬ್ಬಳು ಕಾಫಿ ಕೊಟ್ಟು ಕೋರ್ಸಿನ ವಿವರ ಹೇಳಿದಳು. ಅಮ್ಮ ಹಾಸ್ಟೆಲ್ಲಿನ ಸಾರು ವಿಚಾರಿಸಿದಳು. ಅಪ್ಪ ಎಷ್ಟು ಟೆಸ್ಟು, ಯಾವ ಯಾವ ಸಬ್ಜೆಕ್ಟು ಎಂದು ಕೇಳಿದರು. ದೊಡ್ಡಮ್ಮ ಕುರ್ಚಿಯ ದಿಂಬನ್ನು ಒತ್ತಿ ನೋಡಿದಳು. ಆ ಹುಡುಗಿ ನನ್ನನ್ನು, "ನಿಮಗೇನಾದರೂ ಡೌಟ್ ಇದೆಯಾ?" ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಮೂವರೂ "ಏನಿಲ್ಲ, ಏನಿಲ್ಲ" ಎಂದರು. ತಲೆ ಬಗ್ಗಿಸಿ ಕೂತಿದ್ದ ನನಗೆ ಮುಡಿಯಲ್ಲಿ ಮಲ್ಲಿಗೆ ಒಂದು ಕಡಿಮೆಯಾಗಿತ್ತು.

ಪಾಠ ಮಾಡಲು ಬಂದದ್ದು ದಿಲ್ಲಿಯ ದೊಡ್ಡ ಹೆಸರಿನ ಮೇಷ್ಟ್ರು. ಎರಡು ಸಲವೂ ನಾನು ಓದಿದ್ದು ಅವರ ವಿಡಿಯೋಗಳನ್ನು ನೋಡಿಯೇ. ಹೆಸರಿಗೆ ಇಂಗ್ಲಿಷ್ ಪಾಠ. ರೋಗದ ಹೆಸರು, ಮದ್ದಿನ ಹೆಸರು ಇಂಗ್ಲಿಷಿನಲ್ಲಿ, ಆದರೆ ಅವನ್ನು ಪೋಣಿಸುವ ದಾರ ಹಿಂದಿ. ನೆನಪಿಟ್ಟುಕೊಳ್ಳುವ ಸೂತ್ರ ಹಿಂದಿ, ಅದರ ಹಿಂದಿನ ಕಥೆ ಹಿಂದಿ, ಜೋಕು ಹಿಂದಿ. ಮೇಷ್ಟ್ರು ಏನೋ ಅಂದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ.

ಹಿಂದಿನ ಬೆಂಚಿನಿಂದ ದೊಡ್ಡಮ್ಮ ನನ್ನ ಭುಜ ತಿವಿದಳು. "ಏನಂದ್ರು?"

"ಸುಮ್ನಿರು ದೊಡ್ಡಮ್ಮ."

"ನೀನು ನಗಾಡುದ್ಯಲ್ಲ. ನಂಗೂ ಹೇಳು, ನಾನೂ ನಗಾಡ್ತೀನಿ."

ಹೇಳಿ ಬಾಯಿ ಮುಚ್ಚಿಸೋಣ ಎಂದು ತಿರುಗಿದೆ. ಹೇಳಲು ಏನೂ ಇರಲಿಲ್ಲ. ದೊಡ್ಡಮ್ಮ ನನ್ನ ಮುಖವನ್ನೇ ನೋಡಿದಳು. ಬೈಗುಳವಿಲ್ಲ, ಗೇಲಿಯಿಲ್ಲ, ಬರೀ ಆಶ್ಚರ್ಯ. "ತಿಳೀದೇನೆ ನಕ್ಬುಟ್ಯಾ?" ಎಂದಳು.

ಹೊಸೂರಿನವರಿಗೆ ಭಾಷೆಯ ವಿಷಯದಲ್ಲಿ ಒಂದು ಜಂಬವಿದೆ. ತರಕಾರಿ ತೆಲುಗಿನಲ್ಲಿ ಕೊಂಡು, ಆಫೀಸಿನಲ್ಲಿ ತಮಿಳು ಆಡಿ, ಮನೆಗೆ ಬಂದು ಕನ್ನಡದಲ್ಲಿ ಜಗಳ ಮಾಡುವ ನಮಗೆ ಇನ್ನೊಂದು ಭಾಷೆ ಯಾವ ಮಹಾ? ನಾನು ರಷ್ಯನ್ ಕಲಿತಿದ್ದೆ. ಅಲ್ಲಿನ ಮುದುಕಿಯರ ಮಂಡಿನೋವಿನ ಚರಿತ್ರೆಯನ್ನೆಲ್ಲ ಅವರ ಭಾಷೆಯಲ್ಲೇ ಕೇಳಿ ಬರೆದುಕೊಂಡಿದ್ದೆ. ರಷ್ಯನ್ ಬರುವುದಿಲ್ಲ ಎಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಹಾಗಾಗಿ ಕೇಳಿ ಕೇಳಿ ಕಲಿತೆ. ಹಿಂದಿಯ ಕಥೆ ಬೇರೆ. ಅಲ್ಲಿನ ಹಾಸ್ಟೆಲ್ಲಿನಲ್ಲಿದ್ದ ಉತ್ತರ ಭಾರತದ ಹುಡುಗಿಯರು ನನಗೆ ಬಂದೇ ಬರುತ್ತದೆ ಎಂದುಕೊಂಡಿದ್ದರು. ಹಿಂದಿಯೇ ಇಲ್ಲದ ತಮಿಳುನಾಡಿನ ಶಾಲೆಯಲ್ಲಿ ಅದರ ಒಂದಕ್ಷರ ಕಲಿಯದವಳು ಅವರು ನಕ್ಕಾಗ ನಗುವುದನ್ನು ಮಾತ್ರ ಚೆನ್ನಾಗಿ ಕಲಿತೆ. ಕೊನೆಗೆ ನನಗೇ ಹಿಂದಿ ಬರುತ್ತದೆ ಎಂಬ ಭ್ರಮೆ ಬಂದಿತ್ತು. ವಿಡಿಯೋದಲ್ಲಿ ತಿಳಿಯದೇ ಹೋದದ್ದೆಲ್ಲ ನನ್ನ ತಲೆಯ ದೋಷ ಎಂದೇ ನಂಬಿದ್ದೆ.

ಹೊರಗೆ ಬಂದು ಕಾರಿನ ಹತ್ತಿರ ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿರುವಾಗ, "ಅಪ್ಪಾ, ನಂಗೆ ಹಿಂದಿ ಬರಲ್ಲ" ಎಂದೆ. ಅಳು ಬಂತು.

ಅಪ್ಪ ಡಬ್ಬಿಯ ಮುಚ್ಚಳ ಹಿಡಿದು ನಿಂತರು. "ಬರಲ್ವಾ? ಮತ್ತೆ ಇಷ್ಟು ದಿನ ಹೆಂಗಮ್ಮಾ ಓದ್ತಿದ್ದೆ?"

"ಓದ್ತಿರ್ಲಿಲ್ಲ ಮೇಷ್ಟ್ರೇ, ನಗಾಡ್ತಿದ್ಲು" ಎಂದಳು ದೊಡ್ಡಮ್ಮ.

ಮೊದಲು ನಕ್ಕದ್ದು ಅಮ್ಮ. ಆಮೇಲೆ ಅಪ್ಪ ನಕ್ಕರು. ನಾನು ಮೂಗು ಒರೆಸಿಕೊಳ್ಳುತ್ತಲೇ ನಕ್ಕೆ, ಆ ದಿನ ಅರ್ಥವಾಗಿ ನಕ್ಕದ್ದು ಅದೊಂದೇ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾನು ದಡ್ಡಿಯಲ್ಲ, ಪಾಠವೇ ನನಗೆ ಮುಟ್ಟಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಹಸಿವಾಗಿ, ಚಿತ್ರಾನ್ನ ಎರಡನೇ ಸಲ ಹಾಕಿಸಿಕೊಂಡೆ. ಟೈ ಕಟ್ಟಿದ ಹುಡುಗಿ ಆಮೇಲೆ ತಿಂಗಳುಗಟ್ಟಲೆ ಫೋನು ಮಾಡಿದಳು, ಪಾಪ.

ನನ್ನ ಜೊತೆ ಓದಿ ಬಂದ ಗೆಳತಿಯೊಬ್ಬಳು ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿದ್ದಳು. ಸೇಲಂನಲ್ಲಿ ಒಂದು ಚಿಕ್ಕ ಕೋರ್ಸಿದೆ, ಶನಿವಾರ ಭಾನುವಾರ, ಇಂಗ್ಲಿಷಿನ ಜೊತೆ ತಮಿಳು, ನೋಡು ಎಂದಳು. ಮತ್ತೆ ನಮ್ಮ ನಾಲ್ವರ ಸವಾರಿ, ಈ ಸಲ ಕೃಷ್ಣಗಿರಿ ಮೇಲೆ ಬಸ್ಸಿನಲ್ಲಿ. ಕ್ಲಿನಿಕ್ಕೊಂದರ ಮಹಡಿ, ಸದ್ದು ಮಾಡುವ ಫ್ಯಾನು. ಮೆಟ್ಟಿಲಿಗೆ ಹಿಡಿಗಂಬಿಯಿಲ್ಲ ಎಂದು ಅಮ್ಮನ ತಕರಾರು, ಪಾಸಾದವರ ಒಂದು ಫೋಟೋವೂ ಇಲ್ಲವಲ್ಲ ಎಂದು ಅಪ್ಪನ ಅನುಮಾನ. ಪಾಠ ಹೇಳಿದ ವಯಸ್ಸಾದ ಡಾಕ್ಟರಮ್ಮ ಒಂದೇ ಒಂದು ಜೋಕೂ ಮಾಡಲಿಲ್ಲ. ಎಳೆಗೂಸಿನ ಕಾಮಾಲೆಯ ಬಗ್ಗೆ ನಿಧಾನವಾಗಿ ಹೇಳಿದರು, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಕಾದರು. ಅಮ್ಮನಿಗೆ ತೂಕಡಿಕೆ ಬಂತು.

ಮೆಟ್ಟಿಲಿಳಿಯುವಾಗ ದೊಡ್ಡಮ್ಮ ಕೇಳಿದಳು. "ಏನಂದ್ರು?"

ಅಪ್ಪನೂ ನಿಂತರು. ನಾನು ಹೇಳಿದೆ. ಹುಟ್ಟಿದ ದಿನವೇ ಮಗು ಹಳದಿಯಾದರೆ ಅದು ಅಪಾಯ, ಕಾಯಬಾರದು. ಎರಡು ಮೂರು ದಿನದ ಮೇಲೆ ಬರುವುದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಆದರೂ ಡಾಕ್ಟರಿಗೆ ತೋರಿಸಬೇಕು. ಯಾಕೆ ಎಂದು ಕೇಳಿದಳು. ರಕ್ತದ ಕಥೆ, ಲಿವರಿನ ಕಥೆ ಎಲ್ಲ ಹೇಳಿದೆ. "ನಿಮ್ಮಣ್ಣ ಹುಟ್ದಾಗ್ಲೂ ಹಂಗೇ ಅರಿಶ್ನ ಆಗ್ಬುಟ್ಟಿದ್ದ, ಮೂರ್ನೇ ದಿನ" ಎಂದು ತನ್ನ ಮಗನನ್ನು ನೆನೆದಳು. ಬಸ್‌ಸ್ಟ್ಯಾಂಡ್ ಬಂದರೂ ನನ್ನ ಮಾತು ಮುಗಿದಿರಲಿಲ್ಲ. ನನ್ನ ಬಾಯಿಂದ ಇಷ್ಟು ವೈದ್ಯ ಹೊರಟದ್ದು ಕೇಳಿ ನನಗೇ ಸೋಜಿಗ. "ಇದೇ ಇರ್ಲಿ" ಎಂದರು ಅಪ್ಪ.

ಸೇರಿದ ಮೇಲೆ ಎಲ್ಲ ಸಲೀಸಾಯಿತು ಎಂದರೆ ಸುಳ್ಳು. ಎರಡು ಸಲ ನಕ್ಕು ಕಳೆದದ್ದನ್ನೆಲ್ಲ ಮೊದಲಿನಿಂದ ಓದಬೇಕಿತ್ತು. ಕೃಷ್ಣಗಿರಿಯ ತೋಟಗಳಲ್ಲಿ ಮಾವು ಹೂ ಬಿಟ್ಟದ್ದು, ಕಾಯಿ ಕಚ್ಚಿದ್ದು, ಲಾರಿ ಏರಿದ್ದು ಎಲ್ಲವನ್ನೂ ಬಸ್ಸಿನ ಕಿಟಕಿಯಿಂದ ನೋಡಿದೆ. ಭಾನುವಾರ ಸಂಜೆ ಮನೆ ಸೇರುತ್ತಲೇ ದೊಡ್ಡಮ್ಮನ ಫೋನು. "ಏನಂದ್ರು ಇವತ್ತು?" ಹೇಳಲು ಬಂದರೆ ಪಾಠ ತಲೆಗೆ ಹೋಗಿದೆ ಎಂದರ್ಥ. ತಡವರಿಸಿದರೆ ಫೋನಿಟ್ಟು ಮತ್ತೆ ಪುಸ್ತಕ. ಕೆಲವು ಸಲ ನಾನು ರೇಗಿದ್ದೂ ಉಂಟು. ಮುಂದಿನ ವಾರ ಮತ್ತೆ ಫೋನು ಮಾಡುತ್ತಿದ್ದಳು.

ಪಾಸಾದೆ. ಅಪ್ಪ ಮೊಬೈಲಿನಲ್ಲಿ ನನ್ನ ನಂಬರನ್ನು ಮತ್ತೆ ಮತ್ತೆ ತಾಳೆ ನೋಡಿ, ಕನ್ನಡಕ ತೆಗೆದಿಟ್ಟು, ಹಿತ್ತಲಿಗೆ ಹೋದರು. ಮರುದಿನ ನಾನು ಹಾಲಿಗೆ ಮುಂದಿನ ಬಾಗಿಲಿನಿಂದ ಹೋದೆ.

ಈಗ ಕೃಷ್ಣಗಿರಿ ಕಡೆಯ ಆಸ್ಪತ್ರೆಯೊಂದರಲ್ಲಿ ಇಂಟರ್ನ್‌ಶಿಪ್. ಮೊನ್ನೆ ಸಾನಮಾವು ಕಡೆಯ ಹಳ್ಳಿಯ ಕನ್ನಡದ ಅಜ್ಜಿಯೊಬ್ಬರು ಗಂಡನನ್ನು ಕರೆತಂದಿದ್ದರು. ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು. ನಮ್ಮ ಸೀನಿಯರ್ ಡಾಕ್ಟರು ಹುಣ್ಣಿಗೆ ಏನು ಮಾಡಬೇಕು, ಇನ್ಸುಲಿನ್ ಯಾವಾಗ ಎಂದು ತಮಿಳಿನಲ್ಲಿ ಎಲ್ಲವನ್ನೂ ಹೇಳಿ ಮುಂದಿನ ಬೆಡ್ಡಿಗೆ ಹೋದರು. ಅಜ್ಜಿ ಪ್ರತಿ ಮಾತಿಗೂ ತಲೆಯಾಡಿಸಿದರು. ಡಾಕ್ಟರು ನಕ್ಕಾಗ ತಾವೂ ನಕ್ಕರು.

ಆ ನಗು ನನಗೆ ಚೆನ್ನಾಗಿ ಗೊತ್ತು.

ಹತ್ತಿರ ಹೋಗಿ, "ಏನಂದ್ರು ಅಜ್ಜಿ ಡಾಕ್ಟ್ರು?" ಎಂದೆ.

ಅಜ್ಜಿ ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು, ಸೆರಗು ಬಾಯಿಗೆ ಅಡ್ಡ ಹಿಡಿದರು. "ಏನೋ ಅಂದ್ರು ಕಣವ್ವ. ಕೇಳಕ್ಕೆ ನಾಚ್ಕೆ ಆಯ್ತು."

"ನಂಗೂ ಹಿಂಗೇ ಆಗಿತ್ತು ಅಜ್ಜಿ, ಎರಡು ಸಲ" ಎಂದು ಸ್ಟೂಲು ಎಳೆದುಕೊಂಡು ಕೂತೆ.