ಬೀಗ ಹಾಕದ ಮನೆಯವರು ಕೆಮ್ಮಣ್ಣುಗುಂಡಿಗೆ ಹೋದದ್ದು

ಬೀರೂರಿನಲ್ಲಿ ರೈಲು ಹತ್ತಿ ಮೈಸೂರು ನೋಡಲು ಹೊರಟಿದ್ದೇವೆ. ಕಿಟಕಿ ಪಕ್ಕ ಅವ್ವ ಕೂತು ಕಡಲೆಕಾಯಿ ಸುಲಿಯುತ್ತಿದ್ದಾಳೆ. ನನ್ನ ಬಾಲ್ಯದ ಈ ನೆನಪು ಶುದ್ಧ ಸುಳ್ಳು. ಅವ್ವ ಬಂದೇ ಇರಲಿಲ್ಲ. ಯಗಟಿಯ ನಮ್ಮ ಮನೆಗೆ ಬೀಗ ಬೀಳಬಾರದು, ಸಂಜೆ ದೀಪ ಹಚ್ಚಲು ಯಾರಾದರೂ ಉಳಿಯಬೇಕು ಎಂಬ ಕಟ್ಟುಪಾಡಿತ್ತು. ಆ ಯಾರಾದರೂ ಯಾವಾಗಲೂ ಅವ್ವನೇ. ನಾವು ನೋಡಿದ ಊರುಗಳಿಗೆಲ್ಲ ಅವಳನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು.

ಈ ಸಲದ ಚಳಿಗಾಲದಲ್ಲಿ ಅವಳೇ ಬಾಯಿಬಿಟ್ಟು ಕೇಳಿದಳು. "ನಂಗೂ ಆ ಕೆಮ್ಮಣ್ಣುಗುಂಡಿ ತೋರಿಸ್ರೋ, ಮಂಡಿ ಪೂರ್ತಿ ಕೈಕೊಡೋಕ್ ಮುಂಚೆ."

ಅಣ್ಣ ಕಡೂರಿನಿಂದ ಹೊಸ ಬೀಗ ತಂದ. ಕೀಲಿಯನ್ನು ಎದುರುಮನೆಯಾಕೆಗೆ ಕೊಡುವುದು, ಸಂಜೆ ಅವಳು ಬಂದು ದೀಪ ಹಚ್ಚುವುದು ಎಂದಾಯಿತು. ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ತರೀಕೆರೆಯಲ್ಲಿ ಅಕ್ಕ ಹತ್ತಿಕೊಂಡಳು. ಸೀಟಿನ ಮೇಲೆ ಏನೋ ಒತ್ತಿತೆಂದು ಎತ್ತಿ ನೋಡಿದರೆ ಬೀಗ, ಪೊಟ್ಟಣ ಸಮೇತ.

"ಮನೇಗೇನ್ ಹಾಕಿದ್ರಿ ಮತ್ತೆ?"

ಅಣ್ಣ ನನ್ನನ್ನು ನೋಡಿದ. ನಾನು ಅವ್ವನನ್ನು ನೋಡಿದೆ.

"ನನ್ನೇನ್ ನೋಡ್ತೀರ್ರೋ? ನಾ ಯಾವತ್ತು ಬೀಗ ಹಾಕಿದೀನಿ?"

ನಾವು ಹೊರಟಾಗಲೆಲ್ಲ ಹಿಂದೆ ಬಾಗಿಲಲ್ಲಿ ಅವ್ವ ನಿಂತಿರುತ್ತಿದ್ದಳು. ಬಾಗಿಲು ಹಾಕುವುದೂ ಒಂದು ಕೆಲಸವೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ತಿರುಗ್ಸೋ ಗಾಡಿ" ಎಂದಳು ಅವ್ವ. ತಿರುಗಿಸಿದರೆ ಅವಳು ಮತ್ತೆ ಹೊಸಿಲು ದಾಟುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಇಂಜಿನ್ ಆರಿಸಿದ. ನಾನು ಎದುರುಮನೆಯಾಕೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ನಿಮ್ಮನೇಲೇ ಕೂತಿದೀನಿ ಕಣಕ್ಕಾ! ಬಾಗ್ಲು ಹಾರ್ ಹೊಡ್ಕಂಡಿತ್ತು. ನಿಮ್ ಟಿವೀಲೇ ಧಾರಾವಾಹಿ ನೋಡ್ತಿದೀನಿ."

"ಎಲ್ಲಾ ಸರಿಯಾಗೈತೇನೇ?" ಎಂದು ಅವ್ವ ಕೇಳಿದಳು.

"ಹೊತ್ಕೊಂಡ್ ಹೋಗೋಕೆ ಏನೈತೆ ನಿಮ್ಮನೇಲಿ, ಹಿತ್ಲಾಗ್ ಕಟ್ಟಿರೋ ಆ ಮುದಿ ಟಗರಾ? ಸುಮ್ನೆ ಹೋಗಕ್ಕ. ಗಂಡ ಹೆಂಡ್ತಿ ಜಗಳ ಸುರುವಾಯ್ತು ಇಲ್ಲಿ, ಇಡ್ತೀನಿ."

ಅವ್ವನಿಗೆ ನಗು ಮೊದಲು ಬಂತೋ ನೆಮ್ಮದಿಯ ಉಸಿರು ಮೊದಲು ಬಂತೋ ಹೇಳಲಾರೆ. ಇದೆಲ್ಲ ನಡೆದದ್ದು ತರೀಕೆರೆಯಲ್ಲಲ್ಲ, ಲಿಂಗದಹಳ್ಳಿಯಲ್ಲಿ ಎನ್ನುತ್ತಾನೆ ಅಣ್ಣ. ಎರಡು ತಿಂಗಳೂ ಆಗಿಲ್ಲ, ಆಗಲೇ ಕಥೆ ಕವಲೊಡೆದಿದೆ. ಗಾಡಿ ಮುಂದಕ್ಕೇ ಹೋಯಿತು ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಬೆಟ್ಟದ ಮೇಲೆ ದಟ್ಟ ಮಂಜು. ಕಾಣದ ಕಣಿವೆಗೆ ಬೆನ್ನು ಕೊಟ್ಟು ಜನ ಮೊಬೈಲು ಹಿಡಿದು ನಿಂತಿದ್ದರು.

"ದೇವ್ರು ಎಲ್ಲೈತೆ ಇಲ್ಲಿ?" ಎಂದು ಅವ್ವ ಕೇಳಿದಳು.

"ದೇವ್ರು ಕೆಳಗೆ ಕಲ್ಲತ್ತಿಗಿರೀಲಿ ಕಣವ್ವ. ವಾಪಸ್ ಹೋಗ್ವಾಗ ನೋಡಾಣ" ಎಂದ ಅಣ್ಣ.

"ಮತ್ತೆ ಇವ್ರೆಲ್ಲಾ ಏನ್ ಕೇಳ್ಕಳಾಕೆ ಬಂದವ್ರೆ?"

"ಏನೂ ಇಲ್ಲ. ಸುಮ್ನೆ."

"ಸುಮ್ನೆ?" ಅವಳು ಸುತ್ತ ಒಮ್ಮೆ ನೋಡಿದಳು. "ಒಳ್ಳೇದಾಯ್ತು ಬಿಡು."

ಚಪ್ಪಲಿ ಬಿಚ್ಚಿ, ಮಂಡಿ ನೀವಿಕೊಳ್ಳುತ್ತ, ಹುಲ್ಲಿನ ಮೇಲೆ ಎರಡೂ ಕಾಲು ಚಾಚಿ ಕೂತಳು. ಮಂಜು ಸರಿದ ಮೇಲೆ ಕಣಿವೆ ಕಾಣುತ್ತದೆ, ಸ್ವಲ್ಪ ತಡೆ ಎಂದು ಅಕ್ಕ ಸಮಾಧಾನ ಹೇಳಿದಳು.

"ಸರಿದಾಗ ಸರೀಲಿ ತಗಾ. ನಂಗೇನ್ ಅವಸರ?"