ನಾಳೆ ಬನ್ನಿ ಎಂದರೆ ಬಂದೇ ಬಿಟ್ಟರು

ಹೋದ ತಿಂಗಳು ನನ್ನ ಅಂಗಡಿಗೆ ಬಂದ ಗಿರಾಕಿಯೊಬ್ಬರು ವಾಪಸ್ ಹೋಗಲೇ ಇಲ್ಲ.

ಶಟರ್ ಎತ್ತುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಕರೆದೆ, ಬಂದರು. ಕುರ್ಚಿ ತೋರಿಸಿದೆ, ಕೂತರು. ಪಕ್ಕದಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡರು. ಅದನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬ್ಲೌಸ್ ಒಯ್ಯಲು ಬಂದವರು ಮಧ್ಯಾಹ್ನದ ಊಟ ಕಟ್ಟಿಕೊಂಡು ಬರುತ್ತಾರೆಯೇ?

ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ ಇಲ್ಲಿ ಬರೆಯುವುದು ನನ್ನ ಖುಷಿಗೆ. ಹೊಟ್ಟೆಪಾಡು ನಡೆಯುವುದು ರಾಯಚೂರಿನಲ್ಲಿರುವ ನನ್ನ ಲೇಡೀಸ್ ಟೇಲರ್ ಅಂಗಡಿಯಿಂದ. ಎರಡು ಮಷಿನ್, ಒಂದು ಕಟಿಂಗ್ ಟೇಬಲ್, ನಾನು, ಮತ್ತು ಎಷ್ಟೋ ವರ್ಷಗಳಿಂದ ನನ್ನ ಜೊತೆ ಹೊಲಿಯುತ್ತಿರುವ ರೇಷ್ಮಾ. ಇಷ್ಟೇ ನನ್ನ ಸಾಮ್ರಾಜ್ಯ. ಮೂಲೆಯಲ್ಲಿ ಸೀಲಿಂಗಿನ ಕಡೆಗೆ ಬೆಳೆಯುತ್ತಿರುವ ಬಟ್ಟೆ ಗಂಟುಗಳ ಗುಡ್ಡವೊಂದಿದೆ.

ಆ ಗುಡ್ಡಕ್ಕೆ ಕಾರಣ ಒಂದೇ ಪದ. ನಾಳೆ.

ಟೇಲರುಗಳ ನಾಳೆ ನಿಮಗೆ ಗೊತ್ತೇ ಇದೆ. ಯಾವಾಗ ಕೊಡ್ತೀರಿ ಎಂದು ಯಾರು ಕೇಳಿದರೂ ಬಾಯಿ ತಾನಾಗಿಯೇ ‘ನಾಳಿ ಬರ್ರಿ’ ಅನ್ನುತ್ತದೆ. (ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವ ಓಡಿಸುತ್ತಿದ್ದರಂತೆ. ನಾವು ಅದೇ ಮಂತ್ರವನ್ನು ಗಿರಾಕಿಗಳ ಮೇಲೆ ಪ್ರಯೋಗಿಸುತ್ತೇವೆ.) ಇದು ಸುಳ್ಳು ಹೇಳುವ ಚಟವಲ್ಲ ಸ್ವಾಮಿ, ಹೆದರಿಕೆ. ಹದಿನೈದು ದಿನ ಆಗುತ್ತದೆ ಎಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗಿಬಿಟ್ಟರೆ? ನಾಳೆ ಎಂದರೆ ಗಂಟು ನಮ್ಮ ಅಂಗಡಿಯಲ್ಲೇ ಉಳಿಯುತ್ತದೆ. ಗಂಟು ಉಳಿದರೆ ಗಿರಾಕಿಯೂ ಉಳಿದಂತೆ.

ಹಾಗಂತ ನಾನು ಸುಧಾರಿಸಲು ನೋಡಿಲ್ಲ ಅಂದುಕೊಳ್ಳಬೇಡಿ. ಸಣ್ಣ ವ್ಯಾಪಾರಸ್ಥರಿಗಾಗಿ ನಡೆದ ಸಮಯ ನಿರ್ವಹಣೆಯ ತರಬೇತಿಗೆ ಹೋಗಿದ್ದೆ. ರಾಯಚೂರಿನ ಬಿಸಿಲಿನಲ್ಲೂ ಕೋಟು ಹಾಕಿಕೊಂಡು ಬಂದಿದ್ದ ತರಬೇತುದಾರರು ‘ನಿಮ್ಮ ಟೈಮಿಗೆ ನೀವೇ ಓನರ್’ ಎಂದರು. ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. (ಕಾರ್ಯಕ್ರಮ ತಡವಾಗಿ ಶುರುವಾಗಿತ್ತು, ಅದು ಬೇರೆ ಮಾತು.) ಅವರು ಹೇಳಿದ ಆ್ಯಪ್ ಹಾಕಿಕೊಂಡೆ. ಗಮನವಿಟ್ಟು ಕೆಲಸ ಮಾಡುವ ಹೊತ್ತು ಬಂದಾಗ ಅದು ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುತ್ತದೆ. ಮೊದಲ ದಿನ ಅದು ಕೂಗಿದಾಗ ರೇಷ್ಮಾ ಕಸಬರಿಗೆ ಹಿಡಿದು ಮೇಲೆ ಕೆಳಗೆ ಹುಡುಕಿದಳು.

‘ಅಕ್ಕಾ, ಒಳಗ ಗುಬ್ಬಿ ಹೊಕ್ಕದ ನೋಡು.’

ಆ ಗುಬ್ಬಿ ಕೂಗುತ್ತಲೇ ಇತ್ತು. ಗುಡ್ಡ ಬೆಳೆಯುತ್ತಲೇ ಇತ್ತು. ಕತ್ತರಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಒಬ್ಬರು ಬಂದು ‘ಆಯ್ತೇನ್ರೀ’ ಅನ್ನುತ್ತಾರೆ. ಎದ್ದು ಸಮಾಧಾನ ಹೇಳಿ ಕಳಿಸಿ, ಮತ್ತೆ ಬಟ್ಟೆ ಹರಡುವಷ್ಟರಲ್ಲಿ ಇನ್ನೊಬ್ಬರು. ನಾನು ನಿನ್ನೆ ‘ನಾಳೆ’ ಎಂದವರೆಲ್ಲ ಇವತ್ತು ಬರುತ್ತಾರೆ. ಅವರಿಗೆ ನಾಳೆ ಎಂದು ಹೇಳುವುದರಲ್ಲೇ ಇವತ್ತು ಮುಗಿಯುತ್ತದೆ. ಇನ್ನು ಹೊಲಿಯುವುದು ಯಾವಾಗ?

ಈಗ ಕುರ್ಚಿಯಲ್ಲಿ ಕೂತವರ ವಿಷಯಕ್ಕೆ ಬರೋಣ. ಹೆಸರು ಹುಲಿಗೆಮ್ಮ. ಅರವತ್ತರ ಆಸುಪಾಸು. ದೇವದುರ್ಗ ತಾಲ್ಲೂಕಿನ ಗೂಗಲ್ ಹತ್ತಿರದ ಹಳ್ಳಿಯವರು. (ಫೋನಿನಲ್ಲಿರುವ ಗೂಗಲ್ ಅಲ್ಲ, ಕೃಷ್ಣಾ ದಂಡೆಯಲ್ಲಿರುವುದು.) ಕುರಿ ಕಾಯುವ ಮನೆತನ. ಸೊಸೆಯ ಬ್ಲೌಸ್ ನಾನು ಹೊಲಿದದ್ದು ಚೆನ್ನಾಗಿ ಕೂತಿತ್ತೆಂದು ತಮ್ಮ ಕುಬಸದ (ಹಳ್ಳಿಯ ಬಾಯಲ್ಲಿ ಬ್ಲೌಸೇ ಕುಬಸ) ಬಟ್ಟೆಯನ್ನೂ ನನಗೇ ಕೊಟ್ಟಿದ್ದರು. ಆಮೇಲೆ ಎರಡು ಸಲ ಬಂದರು. ಎರಡು ಸಲವೂ ನಾನು ಮಂತ್ರ ಹಾಕಿದೆ.

‘ಯವ್ವಾ, ಇವತ್ತಿನ್ನೂ ಆಗಿಲ್ಲ’ ಎಂದು ಶುರು ಮಾಡಿದೆ. ‘ನಾಳಿ...’

‘ನಾಳಿ ಅಂತ ನೀ ನಿನ್ನಿ ಅಂದಿದ್ದಿ’ ಎಂದರು ಹುಲಿಗೆಮ್ಮ. ‘ನಿನ್ನಿನ ನಾಳಿ ಇವತ್ತ ಬಂದದ. ಹೊಲಿ ನೀನು. ನಾ ಇಲ್ಲೇ ಕುಂತಿರ್ತೀನಿ.’

ಸಿಟ್ಟಿಲ್ಲ, ಜಗಳವಿಲ್ಲ. ಕಾಲು ಮಡಚಿ ಕುರ್ಚಿಯ ಮೇಲೆ ಆರಾಮಾಗಿ ಕೂತರು. ಕುರಿ ಮೇಯಲು ಬಿಟ್ಟು ಮರದ ನೆರಳಲ್ಲಿ ಕೂತವರ ಹಾಗೆ.

ಸ್ವಲ್ಪ ಹೊತ್ತಿಗೆ ಕಾಲೇಜು ಹುಡುಗಿಯೊಬ್ಬಳು ಬಂದಳು. ಅವಳ ಡ್ರೆಸ್ಸಿಗೆ ನಾನಿನ್ನೂ ಕೈ ಹಚ್ಚಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯ ಕಡೆಯಿಂದ ಉತ್ತರ ಬಂತು.

‘ನಾಳಿ ಬರಬ್ಯಾಡ ಮಗಳ. ಇಕಿ ನಾಳಿನೂ ನಿಂದು ಮುಟ್ಟೂದಿಲ್ಲ. ಆ ಮೂಲಿ ನೋಡು, ಎಷ್ಟು ಗಂಟು ಬಿದ್ದಾವ. ಎಂಟು ದಿನ ಬಿಟ್ಟು ಬಾ.’

ಹುಡುಗಿ ಗುಡ್ಡ ನೋಡಿದಳು, ನನ್ನನ್ನು ನೋಡಿದಳು. ‘ಸರಿ ಆಂಟಿ. ಮುಂದಿನ ವಾರಾನೇ ಬರ್ತೀನಿ. ಸುಮ್ನ ದಿನಾ ಅಲೀತಿದ್ದೆ’ ಎಂದು ನಗುತ್ತ ಹೋದಳು.

ನಕ್ಕಳು. ನಾನು ನಿಜ ಹೇಳಿದರೆ ಮುಖಕ್ಕೆ ಗಂಟು ಎಸೆಯುತ್ತಾರೆ ಅಂದುಕೊಂಡಿದ್ದೆನಲ್ಲ?

ಎಲ್ಲರೂ ನಗಲಿಲ್ಲ, ಅದನ್ನೂ ಹೇಳಬೇಕು. ಹೆಂಡತಿಯ ಬ್ಲೌಸಿಗಾಗಿ ಬಂದಿದ್ದ ಒಬ್ಬರು ಹುಲಿಗೆಮ್ಮನ ಲೆಕ್ಕ ಕೇಳಿ ಬಟ್ಟೆ ಕಿತ್ತುಕೊಂಡು ನೇರ ಎದುರಿನ ಅಂಗಡಿಗೆ ನಡೆದರು. ಇನ್ನೊಬ್ಬಾಕೆಯ ಬ್ಲೌಸ್ ಹೊಲಿದು, ಹುಕ್ ಹಚ್ಚಿ, ಇಸ್ತ್ರಿಯಾಗಿ ಗೂಟಕ್ಕೆ ನೇತಾಡುತ್ತಿತ್ತು. ಹುಲಿಗೆಮ್ಮ ಅವಳಿಗೂ ‘ತಿಂಗಳಾಗ್ತದ’ ಎಂದು ಕಳಿಸಿಬಿಟ್ಟರು. ರೇಷ್ಮಾ ಬ್ಲೌಸ್ ಹಿಡಿದುಕೊಂಡು ಆಟೊ ಸ್ಟ್ಯಾಂಡಿನ ತನಕ ಓಡಬೇಕಾಯಿತು.

‘ಯವ್ವಾ, ರೆಡಿ ಆಗಿದ್ದು ಕೊಡಬೇಕಲ್ಲ’ ಎಂದಳು ಏದುಸಿರು ಬಿಡುತ್ತ.

‘ರೆಡಿ ಆಗಿದ್ದೂ ಅದಾವೇನು ಈ ಅಂಗಡ್ಯಾಗ?’ ಎಂದು ಹುಲಿಗೆಮ್ಮ ನಿಜಕ್ಕೂ ಆಶ್ಚರ್ಯಪಟ್ಟರು.

ಅಷ್ಟರಲ್ಲಿ ಬಂದವರು ಮಾನ್ವಿಯ ರಮಾಬಾಯಿ ಟೀಚರ್. ನನ್ನ ಹಳೆಯ ಗಿರಾಕಿ. ಅವರ ಮನೆಯಲ್ಲಿ ಮುಂಜಿವೆ, ಮದುವೆ ಏನೇ ಇದ್ದರೂ ಅಕ್ಕ ತಂಗಿಯರ, ಅತ್ತಿಗೆಯರ ಬ್ಲೌಸೆಲ್ಲ ನನ್ನಲ್ಲಿಗೇ ಬರುತ್ತವೆ. ಕೈಯಲ್ಲಿ ಎರಡು ರೇಷ್ಮೆ ಬಟ್ಟೆ ಹಿಡಿದಿದ್ದರು.

‘ಯಾವಾಗ ಕೊಡ್ತೀರಿ?’

ನಾನು ಕಣ್ಸನ್ನೆಯಲ್ಲೇ ಹುಲಿಗೆಮ್ಮನನ್ನು ಬೇಡಿಕೊಂಡೆ. ಅವರು ಈ ಕಡೆ ನೋಡಲೇ ಇಲ್ಲ.

‘ಹದಿನೈದು ದಿನ ಆಗ್ತದ್ರೀ ಬಾಯಿ’ ಎಂದರು ಗಂಭೀರವಾಗಿ.

ಟೀಚರ್ ಎರಡೂ ಬಟ್ಟೆ ಬ್ಯಾಗಿಗೆ ಹಾಕಿಕೊಂಡರು. ‘ಹೌದಾ’ ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದರು. ನಾನು ಕರೆಯುವಷ್ಟರಲ್ಲಿ ಸಂದಿ ದಾಟಿದ್ದರು.

ನನಗೆ ತಡೆಯಲಾಗಲಿಲ್ಲ. ‘ಯವ್ವಾ, ನನ್ನ ಅಂಗಡಿ ಮುಚ್ಚಸಬೇಕಂತ ಮಾಡಿಯೇನು? ನಿನಗ್ಯಾಕ ಊರ ಮಂದಿ ಉಸಾಬರಿ? ಒಂದು ಕುಬಸಕ್ಕ ಎಷ್ಟು ಅವಸರ ನಿಂದು?’

ಹುಲಿಗೆಮ್ಮ ಸೀರೆಯ ಸೆರಗು ಸರಿಮಾಡಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

‘ಸೋಮವಾರ ನಾ ಪಂಚಾಯ್ತಿ ಅಧ್ಯಕ್ಷಳಾಗ್ತೀನಿ ತಂಗಿ. ಹೆಸರು ನಂದು, ಕುರ್ಚಿ ಮ್ಯಾಗ ಮಗ ಕುಂದ್ರಲಿ ಅನ್ನಾಕತ್ಯಾರ ಊರಾಗ. ಮಗನೂ ಹೂಂ ಅನ್ನಾಕತ್ಯಾನ. ನಾನೇ ಕುಂದ್ರಾಕಿ. ಹರಕ ಕುಬಸದಾಗ ಹೋದ್ರ ಕಸಾ ಹೊಡ್ಯಾಕ ಬಂದಾಳಂತ ಹೊರಗ ನಿಂದ್ರಸ್ತಾರ. ಅದಕ್ಕ ಬೇಕು.’

ರೇಷ್ಮಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

‘ಮೊದ್ಲೇ ಯಾಕ ಹೇಳಲಿಲ್ಲ ಯವ್ವಾ?’ ಎಂದೆ.

‘ನೀ ಎಲ್ಲಿ ಕೇಳಿದಿ?’

ಹೌದು, ಎಲ್ಲಿ ಕೇಳಿದ್ದೆ? ತೋಳಿನ ಅಳತೆ ಕೇಳಿದ್ದೆ, ಕೊರಳಿನ ಅಳತೆ ಕೇಳಿದ್ದೆ. ನಿಮಗೆ ಯಾವಾಗ ಬೇಕು, ಯಾತಕ್ಕೆ ಬೇಕು ಎಂದು ಕೇಳಿರಲಿಲ್ಲ. ಅವರನ್ನಷ್ಟೇ ಅಲ್ಲ, ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಅವರು ಹೇಳಿದ ತಾರೀಖಿಗೆ ನಾನು ಕಟ್ಟುಬೀಳಬೇಕಾಗುತ್ತದಲ್ಲ?

ಗುಡ್ಡದೊಳಗಿಂದ ಹುಲಿಗೆಮ್ಮನ ಬಟ್ಟೆ ಎಳೆದು ತೆಗೆದೆ. ಹಸಿರು ಖಣ, ಕೆಂಪು ಅಂಚು. ಕಟಿಂಗ್ ಟೇಬಲ್ ಮೇಲೆ ಹರಡಿದೆ.

‘ಕಿಸೆ ಬೇಕು ನನಗ’ ಎಂದರು.

‘ಕುಬಸಕ್ಕ ಕಿಸೆ?’

‘ಫೋನ್ ಇಡಾಕ. ಅಧ್ಯಕ್ಷಳ ಫೋನ್ ಮಗನ ಅಂಗಿ ಕಿಸೆದಾಗ ಇದ್ರ, ಮಾತಾಡಾಂವ ಮಗನೇ ಆಗ್ತಾನ.’

ಕಿಸೆ ಇಟ್ಟೆ. ಒಳಗಡೆ, ಫೋನ್ ಜಾರದ ಹಾಗೆ, ಎರಡು ಸಲ ಹೊಲಿಗೆ ಹಾಕಿ.

ನಾನು ಮಷಿನ್ ಮುಂದೆ ಕೂತಾಗ ಹುಲಿಗೆಮ್ಮ ತಾವಾಗಿಯೇ ಎದ್ದು ಬಂದು ಕೌಂಟರಿನ ಸ್ಟೂಲಿನ ಮೇಲೆ ಕೂತರು. ಬಂದವರನ್ನೆಲ್ಲ ಅವರೇ ಮಾತಾಡಿಸಿದರು. ಗೂಟಕ್ಕೆ ನೇತಾಡುವುದು ಯಾರದೆಂದು ಈಗ ರೇಷ್ಮಾ ಮೊದಲೇ ಹೇಳಿಕೊಟ್ಟಿದ್ದಳು. ನಾನು ತಲೆ ಎತ್ತಲಿಲ್ಲ. ಫೋನ್ ಗುಬ್ಬಿ ಯಾವಾಗ ಕೂಗಿತೋ ಗೊತ್ತಾಗಲಿಲ್ಲ. ಮಷಿನ್ನಿನ ಸದ್ದು, ಕಾಲಿನ ತಾಳ, ಸೂಜಿಯ ಕೆಳಗೆ ಸರಿಯುವ ಬಟ್ಟೆ, ಅಷ್ಟೇ. ಈ ಕೆಲಸ ನನಗೆ ಎಷ್ಟು ಇಷ್ಟ ಅನ್ನುವುದು ನನಗೇ ಮರೆತುಹೋಗಿತ್ತು ನೋಡಿ. ಹುಲಿಗೆಮ್ಮನ ಕುಬಸ ಮುಗಿಸಿ ಅದೇ ಗುಂಗಿನಲ್ಲಿ ಇನ್ನೆರಡು ಬ್ಲೌಸ್ ಎಳೆದುಕೊಂಡೆ.

ಊಟದ ಹೊತ್ತಿಗೆ ಗಂಟು ಬಿಚ್ಚಿದರು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಮೂವರಿಗೂ ಸಾಕಾಗುವಷ್ಟಿತ್ತು.

ಕೈ ತೊಳೆಯುವಾಗ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ರಮಾಬಾಯಿ ಟೀಚರ್. ಬ್ಯಾಗು ಹೋಗುವಾಗಿನದಕ್ಕಿಂತ ದಪ್ಪವಾಗಿತ್ತು.

‘ನೀವು ಎದುರಿನವ್ರಿಗೆ ಕೊಟ್ಟಿರಿ ಅಂದ್ಕೊಂಡೆ’ ಎಂದೆ.

‘ಇಲ್ರೀ. ಹದಿನೈದು ದಿನ ಅಂದ್ರಲ್ಲ, ಮುಂಜಿವಿ ಮುಂದಿನ ತಿಂಗಳ ಕಡೀಕದ. ದಿನಾ ನಾಳೆ ನಾಳೆ ಅಂತ ಮಾನ್ವಿಯಿಂದ ಓಡಾಡೂದು ಆಗೂದಿಲ್ಲಂತ ಎರಡೇ ತಂದಿದ್ದೆ. ತಾರೀಖು ಖರೇ ಗೊತ್ತಾದ್ರ ಎಲ್ಲಾನೂ ಒಮ್ಮೆಲೇ ಹೊಲಿಸಬಹುದಲ್ಲ? ಬಜಾರಿಗೆ ಹೋಗಿ ಉಳಿದ ಬಟ್ಟಿ ತಂದೆ. ನಮ್ಮ ಅತ್ತಿಗಿದೂ ಅದಾವ.’

ಹುಲಿಗೆಮ್ಮ ಬ್ಯಾಗು ತಮ್ಮ ಕಡೆ ಎಳೆದುಕೊಂಡು ಒಂದೊಂದೇ ಬಟ್ಟೆ ಮುಟ್ಟಿ ನೋಡಿದರು. ‘ಹಂಗಾರ ಇಪ್ಪತ್ತು ದಿನ ಆಗ್ತದ್ರೀ’ ಎಂದರು.

ಟೀಚರ್ ಒಪ್ಪಿದರು.

ಸಂಜೆ ಬಸ್ಸಿಗೆ ಹೊರಡುವ ಮುಂಚೆ ಹುಲಿಗೆಮ್ಮ ಹೊಸ ಕುಬಸ ತೊಟ್ಟು ಕನ್ನಡಿ ಮುಂದೆ ನಿಂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಫೋನ್ ಕಿಸೆಗೆ ಹಾಕಿ ತಟ್ಟಿ ನೋಡಿಕೊಂಡರು.

‘ಸೋಮವಾರ ನೀವಿಬ್ರೂ ಬರಬೇಕು.’

ಸೋಮವಾರ ಅಂಗಡಿ ಮುಚ್ಚುವುದೇ? ಮನಸ್ಸಿನಲ್ಲಿ ನೂರು ನೆಪ ಬಂದವು. ಅಷ್ಟರಲ್ಲಿ ರೇಷ್ಮಾ ‘ಬರ್ತೀವಿ ಯವ್ವಾ’ ಎಂದುಬಿಟ್ಟಳು.

ಹೋದೆವು. ದೇವದುರ್ಗದಲ್ಲಿ ಬಸ್ ಬದಲಿಸಿ, ಬಿಸಿ ಮಿರ್ಚಿ ತಿಂದು, ಕಿಟಕಿಯಾಚೆ ಹತ್ತಿ ಹೊಲ ನೋಡುತ್ತ. ರಜೆ ಹಾಕಿದ ಶಾಲೆ ಮಕ್ಕಳ ಹಾಗೆ ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು.

ಪಂಚಾಯ್ತಿ ಕಚೇರಿಯಲ್ಲಿ ಜನ ತುಂಬಿದ್ದರು. ಹಾರ ತುರಾಯಿ ಎಲ್ಲ ಆಯಿತು. ಒಳಗೆ ಅಧ್ಯಕ್ಷರ ಕುರ್ಚಿ. ಯಾರೋ ಹಿರಿಯರು ಅದನ್ನು ಹಿಂದಕ್ಕೆ ಎಳೆದು, ಹುಲಿಗೆಮ್ಮನ ಮಗನ ಕಡೆ ತಿರುಗಿ ‘ಬಾರಪ್ಪ’ ಎಂದರು. ಆತ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಹಸಿರು ಕುಬಸ ಮಗನನ್ನು ದಾಟಿ ಹೋಗಿ ಕೂತಾಗಿತ್ತು. ಅಂಚಿನಲ್ಲಲ್ಲ. ಪೂರ್ತಿ ಬೆನ್ನು ಒರಗಿಸಿ, ಎರಡೂ ಕೈ ಕುರ್ಚಿಯ ತೋಳುಗಳ ಮೇಲಿಟ್ಟು.

ಆಗಲೇ ಕಿಸೆಯಲ್ಲಿದ್ದ ಫೋನ್ ರಿಂಗಾಯಿತು. ಹುಲಿಗೆಮ್ಮ ಅವಸರ ಮಾಡದೆ ತೆಗೆದು ಕಿವಿಗಿಟ್ಟರು.

‘ಹಾಂ, ಅಧ್ಯಕ್ಷಳೇ ಮಾತಾಡಾಕತ್ತೀನಿ. ಮೀಟಿಂಗ್ದಾಗ ಅದೀನಿ. ಆಮ್ಯಾಲ ಮಾಡು.’

ಮೊದಲು ನಕ್ಕವಳು ಸೊಸೆ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಹೆಂಗಸರು. ಕೊನೆಗೆ ಮಗನೂ ನಕ್ಕು, ಗೋಡೆಗೆ ಆತು ನಿಂತುಕೊಂಡ. ತಾಯಿಗೆ ನೀರು ತಂದುಕೊಟ್ಟವನೂ ಅವನೇ. ನಾನು ಕುಬಸದ ಹೆಗಲಿನ ಹೊಲಿಗೆ ನೋಡುತ್ತಿದ್ದೆ. (ಟೇಲರ್ ಬುದ್ಧಿ ಎಲ್ಲಿ ಹೋಗುತ್ತದೆ?) ಎಲ್ಲೂ ನೆರಿಗೆ ಬಿದ್ದಿರಲಿಲ್ಲ.

ಈಗ ನನ್ನ ಅಂಗಡಿಯಲ್ಲಿ ಹೊಸ ಪದ್ಧತಿ. ಯಾರೇ ಬಂದರೂ ನಾನೇ ಮೊದಲು ಕೇಳುತ್ತೇನೆ: ನಿಮಗೆ ಯಾವಾಗ ಬೇಕು? ನಂಬಿದರೆ ನಂಬಿ, ಅರ್ಧಕ್ಕರ್ಧ ಮಂದಿಗೆ ನಾಳೆ ಬೇಕಾಗಿರುವುದೇ ಇಲ್ಲ. ನಿಜವಾಗಿ ಅವಸರವಿದ್ದವರದು ಮೊದಲು ಮುಗಿಯುತ್ತದೆ. ಮಧ್ಯಾಹ್ನದ ಹೊತ್ತು ಗಿರಾಕಿಗಳಿಗೆ ಬಾಗಿಲು ಅರ್ಧ ಮುಚ್ಚಿ ನಾವಿಬ್ಬರೂ ಬರೀ ಹೊಲಿಯುತ್ತೇವೆ. ಗುಡ್ಡ ಕರಗುತ್ತಿದೆ. ರೇಷ್ಮಾ ಸಂಜೆ ಹೊತ್ತಿಗೆ ಮನೆ ಸೇರುತ್ತಾಳೆ. ನಾನು ಈ ಅಂಕಣವನ್ನು ಸಂಪಾದಕರು ಫೋನ್ ಮಾಡುವ ಮೊದಲೇ ಬರೆದು ಮುಗಿಸಿದ್ದೇನೆ. (ಅವರಿಗೆ ನಂಬಲು ಸ್ವಲ್ಪ ಹೊತ್ತು ಬೇಕಾಗಬಹುದು.)

ಆದರೆ ದಿನಕ್ಕೊಬ್ಬರಾದರೂ ‘ಹತ್ತು ದಿನ’ ಎಂದ ಕೂಡಲೇ ಮುಖ ಸಣ್ಣದು ಮಾಡಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ‘ನಾಳೆ’ ಅನ್ನಿಸಿಕೊಂಡು ಸಂತೋಷದಿಂದ ಮನೆಗೆ ಹೋಗುತ್ತಾರೆ.

ನಾನು ನಿಜ ಹೇಳಲು ಕಲಿತೆ. ಕೇಳಿಸಿಕೊಳ್ಳಲು ನೀವು ಯಾವಾಗ ಕಲಿಯುತ್ತೀರಿ?