ಮೂರನೆಯ ಸಲದ ಎಣ್ಣೆ

ಮಹಡಿ ಮನೆಗೆ ಗಿಟಾರ್ ರಿಪೇರಿಯವನು ಬಾಡಿಗೆಗೆ ಬಂದಿದ್ದಾನೆಂದು ಹಾಲಿನವಳು ಹೇಳಿದ ದಿನವೇ ಅಗಸೆ ಎಣ್ಣೆಯ ವಾಸನೆ ಮೆಟ್ಟಿಲಿಳಿದು ದೊಡ್ಡಮ್ಮನ ಅಡುಗೆಮನೆಗೆ ಬಂತು. ಜಗಳಕ್ಕೆಂದು ಹತ್ತಿದವಳು ಚಹಾ ಕುಡಿದು ಇಳಿದಳು.

ಹನ್ನೊಂದು ವರ್ಷದ ಮೇಲೆ ಅವನ ಕೈಗೆ ನಡುಕ ಬಂತು. ದೂರದೂರಿನಲ್ಲಿದ್ದ ಮಗಳಿಗೆ ಅದನ್ನು ತಿಳಿಸಲಿಲ್ಲ. ಅವಳಿಗೆಂದು ಮಾಡುತ್ತಿದ್ದ ಗಿಟಾರಿನ ಉದ್ದನೆಯ ಕತ್ತಿನ ಭಾಗಕ್ಕೆ ಕಂದು ಬಣ್ಣ ಕೊಟ್ಟಾಗಿತ್ತು. ಮೂರು ಸಲ ಎಣ್ಣೆ ಹಚ್ಚುವುದು ಬಾಕಿಯಿತ್ತು. ಬಟ್ಟೆಯ ಚೂರು ಹಿಡಿದು ದೊಡ್ಡಮ್ಮನೇ ಕೂತಳು.

“ತಲೆಗೆ ಹಾಕಿದ ಹಾಗೆ ಸುರೀತೀರಲ್ಲ ದೊಡ್ಡಮ್ಮಾ! ಮರ ಕುಡಿದಷ್ಟು ಸಾಕು, ಮಿಕ್ಕಿದ್ದು ಒರೆಸಿ. ಇಲ್ಲಾಂದ್ರೆ ಕೈಗೆ ಅಂಟುತ್ತೆ.”

“ಬಾಯಿ ಮುಚ್ಕೊಂಡು ನೋಡೋ,” ಎಂದಳು.

ಎರಡನೆಯ ಸಲ ಹಚ್ಚಿದ ಮರುದಿನ ಅವನನ್ನು ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದವಳ ಅಂಗೈ ಮೂಸಿ ಅವನು ನಕ್ಕ.

“ಕೊನೇ ಸಲದ್ದೂ ನೀವೇ ಹಚ್ಚಿಬಿಡಿ. ಮಗಳು ಕೇಳಿದ್ರೆ ಮಾತ್ರ, ಎಲ್ಲಾ ಅಪ್ಪನೇ ಹಚ್ಚಿದ್ದು ಅನ್ನಿ.”